ಹೋಲಿಕೆಯೂ ಪರೀಕ್ಷೆಯೂ

ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ತಮಗೆ ಬೇಕಾದ ಅಮೈನೋ ಆಮ್ಲಗಳನ್ನು ತಾವೇ ಮಾಡಿಕೊಳ್ಳುತ್ತವೆ. ಆ ಕೆಲಸವನ್ನು ನಡೆಸುವ ಕಿಣ್ವಗಳು ಯಾವುವೆಂಬುದನ್ನು ಈ ಕಾಲದ ವಿದ್ವಾಂಸರು ಅಕ್ಷರಗಳನ್ನು ಹೋಲಿಸಿ ನೋಡಿ ಗುರುತಿಸುತ್ತಾರೆ. ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ವಿಶ್ರಾಂತರಾಗಿರುವ ನಮ್ಮಂಥವರಿಗೆ ಈ ವಿಷಯದ ಗೊಡವೆ ಏತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮಗೂ ಮೊದಲು ಹಾಗೆಯೇ ತೋರಿದ್ದಿತು. ಆದರೆ ಕಳೆದ ದೀಪಾವಳಿಯಲ್ಲಿ ನಮ್ಮ ಮಗಳು ಅರಕಲಗೂಡಿನ ಮನೆಗೆ ಬಂದು ನಾಲ್ಕು ದಿನ ಇದ್ದಾಗ ಈ ಪ್ರಸ್ತಾಪವು ಬಂದು, ಬಹುಕಾಲದಿಂದ ನಾವು ಯಾರೊಡನೆಯೂ ಆಡದೆ ಇಟ್ಟುಕೊಂಡಿದ್ದ ಮನೆಯ ಮಾತೊಂದರವರೆಗೆ ನಮ್ಮನ್ನು ನಡೆಸಿಕೊಂಡು ಹೋಯಿತು. ಆದುದರಿಂದ ಎರಡನ್ನೂ ಸೇರಿಸಿಯೇ ಹೇಳಬೇಕಾಗಿದೆ.

ನಮ್ಮ ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರವನ್ನು ಬೋಧಿಸುವಳು. ಬಲಿಪಾಡ್ಯಮಿಯ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಏನನ್ನೋ ನೋಡುತ್ತಿದ್ದಳು. ನಾವು ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿದೆವು. ಒಂದರ ಕೆಳಗೆ ಒಂದರಂತೆ ಹತ್ತು ಹನ್ನೆರಡು ಸಾಲುಗಳು. ಸಾಲುಗಳಲ್ಲಿ ಅರ್ಥವಿಲ್ಲದೆ ಸುರಿದಂತಿದ್ದ ಅಕ್ಷರಗಳು. ಕೆಲಕೆಲವು ಸ್ಥಾನಗಳಲ್ಲಿ ಮಾತ್ರ ಎಲ್ಲ ಸಾಲುಗಳಲ್ಲಿಯೂ ಒಂದೇ ಅಕ್ಷರ.

“ಇದಾವ ಭಾಷೆಯ ಗ್ರಂಥವಮ್ಮಾ?” ಎಂದು ಕೇಳಿದೆವು.

“ಬ್ಯಾಕ್ಟೀರಿಯಗಳ ಗ್ರಂಥ ಅಪ್ಪಾ. ಒಂದೇ ಗ್ರಂಥದ ಬೇರೆ ಬೇರೆ ಪ್ರತಿಗಳು,” ಎಂದು ನಕ್ಕಳು.

ಅವಳು ವಿನೋದಕ್ಕೆ ಆಡಿದ ಮಾತು ನಮ್ಮ ಕಿವಿಗೆ ವಿನೋದವಾಗಿ ಕೇಳಲಿಲ್ಲ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗುರುಗಳ ಬಳಿಯಲ್ಲಿ ಕುಳಿತು ಓಲೆಯ ಪ್ರತಿಗಳನ್ನು ಹೋಲಿಸಿದ ಅಭ್ಯಾಸ ನಮಗೆ ಸ್ವಲ್ಪ ಉಂಟು. “ಹಾಗಾದರೆ ಮೊದಲಿಂದ ಹೇಳು,” ಎಂದು ಗೋಡೆಗೆ ಒರಗಿ ಕುಳಿತುಕೊಂಡೆವು. ಅವಳು ಹೇಳಿದುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುವೆವು.

ಪ್ರೋಟೀನು ಎಂಬುದು ಮಣಿಗಳನ್ನು ಪೋಣಿಸಿದ ಸರದಂಥದು. ಅಮೈನೋ ಆಮ್ಲಗಳೇ ಆ ಮಣಿಗಳು. ಜೀವಿಗಳೆಲ್ಲವೂ ಮುಖ್ಯವಾಗಿ ಬಳಸುವ ಅಮೈನೋ ಆಮ್ಲಗಳು ೨೦. ಒಂದೊಂದಕ್ಕೆ ಒಂದೊಂದು ಅಕ್ಷರವನ್ನು ಸಂಕೇತವಾಗಿ ಇಟ್ಟುಕೊಂಡರೆ ಯಾವ ಪ್ರೋಟೀನನ್ನಾದರೂ ಒಂದು ಸಾಲಾಗಿ ಬರೆದುಬಿಡಬಹುದು. ನಮ್ಮ ವರ್ಣಮಾಲೆಗಿಂತ ಚಿಕ್ಕದಾದ ಈ ವರ್ಣಮಾಲೆಯಲ್ಲಿಯೇ ಹುಲ್ಲು, ಹುಲಿ, ಹಾಲನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮಜೀವಿ, ಅದನ್ನು ಕಡೆಯುವ ಗೃಹಿಣಿ ಎಲ್ಲರ ದೇಹವೂ ಬರೆಯಲ್ಪಟ್ಟಿದೆ. ದೇಹದೊಳಗಿನ ರಾಸಾಯನಿಕ ಕಾರ್ಯಗಳನ್ನು ತ್ವರೆಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು.

ಈ ೨೦ ಮಣಿಗಳಲ್ಲಿ ೯ನ್ನು ಮನುಷ್ಯದೇಹವು ತಾನಾಗಿ ಮಾಡಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಅಕ್ಕಿಯಲ್ಲಿ ಲೈಸೀನೆಂಬ ಅಮೈನೋ ಆಮ್ಲವು ಕಡಮೆ. ಬೇಳೆಯಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಮೆಥಿಯೋನೀನು ಕಡಮೆ. ಅಕ್ಕಿಯಲ್ಲಿ ಅದಕ್ಕೆ ಕೊರತೆಯಿಲ್ಲ. ನಮ್ಮ ಹಿರಿಯರು ಅನ್ನದೊಡನೆ ಸಾರನ್ನೂ ಮುದ್ದೆಯೊಡನೆ ಅವರೆಕಾಳನ್ನೂ ಜೊತೆಮಾಡಿದುದು ಈ ಲೆಕ್ಕವನ್ನು ತಿಳಿದಲ್ಲದಿದ್ದರೂ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಬ್ಯಾಕ್ಟೀರಿಯಗಳಲ್ಲಿ ಎಷ್ಟೋ ಜಾತಿಗಳಿಗೆ ಈ ಪರಾಧೀನತೆಯಿಲ್ಲ. ಸ್ವಲ್ಪ ಸಕ್ಕರೆ, ಸ್ವಲ್ಪ ಅಮೋನಿಯ, ಕೆಲವು ಲವಣಗಳು ಸಿಕ್ಕಿದರೆ ಅವು ೨೦ನ್ನೂ ತಾವೇ ಮಾಡಿಕೊಳ್ಳುತ್ತವೆ. ಒಂದೊಂದು ಅಮೈನೋ ಆಮ್ಲಕ್ಕೂ ಹಲವು ಮೆಟ್ಟಿಲುಗಳು. ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಕಿಣ್ವ. ನಮ್ಮಲ್ಲಿ ಇಲ್ಲದ ಕಿಣ್ವವು ರೋಗಾಣುವಿನಲ್ಲಿದ್ದರೆ, ಅದನ್ನು ಮಾತ್ರ ತಡೆಯುವ ಔಷಧವು ನಮಗೆ ಬಾಧೆಯಿಲ್ಲದೆ ರೋಗಾಣುವನ್ನು ಕೊಲ್ಲಬಹುದೆಂಬ ಆಸೆ ವಿದ್ವಾಂಸರಿಗೆ. ಈಗಿರುವ ಔಷಧಗಳಿಗೆ ಜಗ್ಗದ ರೋಗಾಣುಗಳು ಹೆಚ್ಚುತ್ತಿರುವುದರಿಂದ ಈ ಹುಡುಕಾಟವು ಬರಿಯ ಕುತೂಹಲವಲ್ಲ.

ಆದರೆ ಯಾವ ಸಾಲು ಯಾವ ಕಿಣ್ವದ್ದೆಂದು ತಿಳಿಯುವ ಬಗೆ ಹೇಗೆ? ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬಾತನು ಇನ್ಸುಲಿನಿನ ಅಕ್ಷರಕ್ರಮವನ್ನು ಪೂರ್ತಿಯಾಗಿ ಓದಿ ೧೯೫೮ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ೧೯೬೫ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬಾಕೆ ಆವರೆಗೆ ಓದಲಾಗಿದ್ದ ೬೫ ಪ್ರೋಟೀನುಗಳ ಸಾಲುಗಳನ್ನು ಒಂದು ಪುಸ್ತಕದಲ್ಲಿ ಸಂಗ್ರಹಿಸಿದಳು. ೧೯೭೦ರಲ್ಲಿ ನೀಡಲ್‌ಮನ್, ವುನ್ಶ್ ಎಂಬಿಬ್ಬರು ಎರಡು ಸಾಲುಗಳನ್ನು, ನಡುವೆ ಬಿಟ್ಟುಹೋದ ಅಕ್ಷರಗಳಿಗೆ ಜಾಗವಿಟ್ಟು, ಸರಿಸಮವಾಗಿ ಹೊಂದಿಸುವ ಗಣಿತಕ್ರಮವನ್ನು ಕೊಟ್ಟರು. ೧೯೯೦ರಲ್ಲಿ ಇದೇ ಕೆಲಸವನ್ನು ಬಹು ಬೇಗನೆ ಮಾಡುವ ಬ್ಲಾಸ್ಟ್ ಎಂಬ ಸಾಧನವು ಬಂದಿತು. ೨೦೦೧ರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯದ ವಂಶಲಿಪಿಯೆಲ್ಲವೂ, ಸುಮಾರು ೪೮ ಲಕ್ಷ ಅಕ್ಷರಗಳು, ಓದಲ್ಪಟ್ಟಿತು. ಈಗ ಕೋಟಿಗಟ್ಟಲೆ ಪ್ರೋಟೀನುಗಳ ಸಾಲುಗಳು ಭಂಡಾರಗಳಲ್ಲಿ ಶೇಖರವಾಗಿವೆ. ಹೊಸ ಸಾಲೊಂದು ಸಿಕ್ಕಿದರೆ ಅದನ್ನು ಭಂಡಾರದ ಸಾಲುಗಳೊಡನೆ ಹೋಲಿಸಿ, ಯಾವುದನ್ನು ಹೆಚ್ಚಾಗಿ ಹೋಲುವುದೋ ಅದರ ಹೆಸರನ್ನೇ ಇದಕ್ಕೂ ಕೊಡುವರು. ಉದ್ದವಾದ ಎರಡು ಸಾಲುಗಳಲ್ಲಿ ನೂರಕ್ಕೆ ೩೦ಕ್ಕಿಂತ ಹೆಚ್ಚು ಸ್ಥಾನಗಳು ಒಂದೇ ಆಗಿದ್ದರೆ ಅವು ಸಾಮಾನ್ಯವಾಗಿ ಒಂದೇ ಕುಲದವು. ೨೦ರ ಆಚೆ ಈಚೆ ಇಳಿದರೆ ಬರಿಯ ಹೋಲಿಕೆಯನ್ನು ನಂಬುವಂತಿಲ್ಲ.

ಇಷ್ಟನ್ನು ಕೇಳುವಷ್ಟರಲ್ಲಿ ನಮಗೆ ಪರಿಚಿತವಾದ ಬೀದಿಗೆ ಬಂದಂತಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದುದನ್ನು ಎಲ್ಲರೂ ಬಲ್ಲರು. ಅನಂತರ ಬೇರೆ ಪ್ರತಿಗಳೂ ದೊರೆತು ಪಾಠಗಳನ್ನು ಹೋಲಿಸುವ ಕೆಲಸವು ನಡೆಯಿತು. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಮಹಾಭಾರತದ ನಾನಾ ದೇಶದ ಪ್ರತಿಗಳನ್ನು ಹೋಲಿಸಿ ೧೯೬೬ರಲ್ಲಿ ಪರಿಶೋಧಿತ ಪಾಠವನ್ನು ಪೂರೈಸಿದರು. ಲಿಪಿಕಾರನು ಒಂದು ಕಡೆ ಅಕ್ಷರವನ್ನು ಬಿಡುತ್ತಾನೆ, ಒಂದು ಕಡೆ ಸೇರಿಸುತ್ತಾನೆ, ಒಂದು ಕಡೆ ಒಂದಕ್ಕೊಂದನ್ನು ಬರೆಯುತ್ತಾನೆ. ಹೀಗಿದ್ದರೂ ದೂರದೂರದ ಪ್ರತಿಗಳೆಲ್ಲದರಲ್ಲಿಯೂ ಅಳಿಯದೆ ಉಳಿದ ಪಾಠಕ್ಕೆ ಹೆಚ್ಚು ಬೆಲೆ. ಕಿಣ್ವಗಳಲ್ಲಿಯೂ ಹಾಗೆಯೇ. ನಮ್ಮ ಮಗಳು ತೋರಿಸಿದ ಸಾಲುಗಳಲ್ಲಿ ಒಂದು ಸ್ಥಾನದಲ್ಲಿ ಎಲ್ಲದರಲ್ಲಿಯೂ ಲೈಸೀನೇ ಇದ್ದಿತು. ಬಿ-೬ ಜೀವಸತ್ವದಿಂದ ಆದ ಸಹಾಯಕ ವಸ್ತುವನ್ನು ಕಿಣ್ವವು ಹಿಡಿದುಕೊಳ್ಳುವುದು ಆ ಲೈಸೀನಿನಿಂದ. ಅದು ಹೋದರೆ ಕೆಲಸವೇ ಕೆಡುವುದು. ಆದುದರಿಂದ ಕೋಟ್ಯಂತರ ವರ್ಷಗಳ ನಕಲಿನಲ್ಲಿಯೂ ಅದು ಬದಲಾಗದೆ ನಿಂತಿದೆ.

ನಮಗೆ ಉತ್ಸಾಹವೇರಿತು. ಬಹಳ ಹೋಲುತ್ತಿದ್ದ ಎರಡು ಸಾಲುಗಳ ಮೇಲೆ ಬೆರಳಿಟ್ಟು, “ಹಾಗಾದರೆ ಇವೆರಡರ ಕೆಲಸವೂ ಒಂದೇ,” ಎಂದು ತೀರ್ಪು ಹೇಳಿಬಿಟ್ಟೆವು.

ಮಗಳು ತಲೆಯಲ್ಲಾಡಿಸಿದಳು. “ನೀವು ತರಗತಿಯಲ್ಲಿ ಸೈಂಧವದ ಉದಾಹರಣೆಯನ್ನು ಹೇಳುತ್ತಿದ್ದಿರಲ್ಲ ಅಪ್ಪಾ, ಅದನ್ನೇ ಮರೆತಿರಾ?” ಎಂದಳು.

ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನು. ಅಕ್ಷರಗಳು ಒಂದೇ, ಕೆಲಸ ಬೇರೆ. ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟ ಮಾತನ್ನು ಮಗಳಿಂದ ಹೇಳಿಸಿಕೊಂಡೆವು.

ಇದಕ್ಕೆ ಅವಳು ನಮ್ಮ ನಾಡಿನದೇ ಆದ ನಿದರ್ಶನವೊಂದನ್ನು ಕೊಟ್ಟಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎನ್. ಮೂರ್ತಿ, ಎಚ್. ಎಸ್. ಸಾವಿತ್ರಿ ಇವರೂ ಇವರ ಸಂಗಡಿಗರೂ ಸಾಲ್ಮೊನೆಲ್ಲಾದ ಕಿಣ್ವಗಳನ್ನು ಕುರಿತು ಬಹುಕಾಲ ಕೆಲಸ ಮಾಡಿರುವರು. ಅವುಗಳಲ್ಲೊಂದು ಅಸಿಟೈಲ್ ಆರ್ನಿಥಿನ್ ಅಮೈನೋಟ್ರಾನ್ಸ್‌ಫರೇಸ್. ಹೆಸರು ಉದ್ದವಾದರೂ ಅರ್ಥ ಕಠಿಣವಲ್ಲ. ಬ್ಯಾಕ್ಟೀರಿಯವು ಗ್ಲುಟಮೇಟಿನಿಂದ ಆರ್ಜಿನೀನನ್ನು ಎಂಟು ಮೆಟ್ಟಿಲುಗಳಲ್ಲಿ ಮಾಡಿಕೊಳ್ಳುತ್ತದೆ. ಮೊದಲನೆಯ ಮೆಟ್ಟಿಲಿನಲ್ಲಿ ವಸ್ತುವಿಗೆ ಅಸಿಟೈಲ್ ಎಂಬ ಮುಸುಕನ್ನು ತೊಡಿಸಿ, ಅದು ದಾರಿಯಲ್ಲಿ ತನ್ನನ್ನೇ ಸುತ್ತಿಕೊಂಡು ಕೆಡದಂತೆ ಕಾಪಾಡುತ್ತದೆ. ನಾಲ್ಕನೆಯ ಮೆಟ್ಟಿಲಿನ ಕೆಲಸವನ್ನು ಮಾಡುವುದು ಈ ಕಿಣ್ವ. ಇದರಲ್ಲಿರುವ ಮಣಿಗಳು ಸುಮಾರು ೪೦೦. ಮತ್ತೊಂದು ಚಮತ್ಕಾರವೇನೆಂದರೆ, ಲೈಸೀನನ್ನು ಮಾಡುವ ದಾರಿಯಲ್ಲಿಯೂ ಒಂದು ಮೆಟ್ಟಿಲನ್ನು ಇದೇ ಕಿಣ್ವವು ನಡೆಸಬಲ್ಲುದು. ಆ ದಾರಿಯಲ್ಲಿ ಹುಟ್ಟುವ ವಸ್ತುವು ಇಂಥ ಬ್ಯಾಕ್ಟೀರಿಯಗಳ ಕೋಶದ ಗೋಡೆಗೂ ಬೇಕು. ಒಂದೇ ಪದದಲ್ಲಿ ಎರಡರ್ಥಗಳನ್ನು ಇಟ್ಟ ಶ್ಲೇಷದಂತಿದೆಯಲ್ಲವೇ? ಬರಿಯ ಅಕ್ಷರಗಳನ್ನು ನೋಡಿ ಒಂದು ಹೆಸರನ್ನು ಅಂಟಿಸಿದವನಿಗೆ ಎರಡನೆಯ ಅರ್ಥವು ತಪ್ಪಿಹೋಗುವುದು.

ನಮ್ಮ ದೇಹದಲ್ಲಿಯೂ ಇದರ ಕುಲದ ಕಿಣ್ವವೊಂದು ಇದೆ. ಅದು ಕೆಲಸ ಮಾಡುವುದು ಮುಸುಕಿಲ್ಲದ ಆರ್ನಿಥಿನಿನ ಮೇಲೆ. ಸಾಲ್ಮೊನೆಲ್ಲಾದ ಕಿಣ್ವಕ್ಕೆ ಮುಸುಕು ಹಾಕಿದುದರ ಮೇಲೆಯೇ ಬಹಳ ಒಲವು. ಈ ವಿದ್ವಾಂಸರು ಕಿಣ್ವವನ್ನು ಶುದ್ಧಮಾಡಿ, ಅದರ ಒಲವನ್ನು ಅಳೆದು, ಹರಳುಗಟ್ಟಿಸಿ, ಎಕ್ಸ್‌ರೇ ಕಿರಣಗಳಿಂದ ಅದರ ಆಕಾರವನ್ನು ಕಂಡು ೨೦೦೮ರಲ್ಲಿ ಪ್ರಕಟಿಸಿದರು. ಒಲವಿನ ಭೇದಕ್ಕೆ ಕಾರಣವು ಕೆಲಸ ನಡೆಯುವ ಸ್ಥಾನದ ಅಕ್ಷರಗಳು ಬದಲಾಗಿರುವುದಲ್ಲದೆ ಇರಬಹುದು, ಅವುಗಳಲ್ಲಿ ಕೆಲವು ನಿಂತಿರುವ ಭಂಗಿಯು ತುಸು ಬೇರೆಯಾಗಿರುವುದೇ ಆಗಿರಬಹುದು ಎಂಬುದು ಅವರ ಅಭಿಪ್ರಾಯ. ಇದನ್ನು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಕ್ಷರಗಳೆಲ್ಲವನ್ನೂ ತಪ್ಪಿಲ್ಲದೆ ಓದಿದರೂ ಕಾಣದ ಭೇದವು ಉಂಟೆಂದಾಯಿತು.

ಅಡಿಗೆಯ ಮನೆಗೆ ಸೇರಿದ ಇನ್ನೊಂದು ಉದಾಹರಣೆಯನ್ನೂ ಅವಳು ಹೇಳಿದಳು. ಟೊಮ್ಯಾಟೊ ಗಿಡದ ಕಿಣ್ವವೊಂದಕ್ಕೆ, ಮಣ್ಣಿನ ಬ್ಯಾಕ್ಟೀರಿಯದ ಕಿಣ್ವವೊಂದನ್ನು ಹೋಲುತ್ತದೆಂಬ ಕಾರಣದಿಂದ, ಅದರ ಹೆಸರನ್ನೇ ಇಟ್ಟಿದ್ದರು. ಕೆನಡಾದ ವಿದ್ವಾಂಸರು ಅದನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಆ ಕೆಲಸವನ್ನು ಮಾಡಲೇ ಇಲ್ಲ. ಬೇರೊಂದು ಅಮೈನೋ ಆಮ್ಲವನ್ನು ಒಡೆಯಿತು. ಎರಡೇ ಎರಡು ಅಕ್ಷರಗಳನ್ನು ಬದಲಿಸಿದಾಗ ಒಂದರ ಕೆಲಸವು ಇನ್ನೊಂದಕ್ಕೆ ಬಂದಿತೆಂದು ಅವರು ೨೦೦೮ರಲ್ಲಿ ತಿಳಿಸಿದರು. ಸಾಲಿನ ಉದ್ದಕ್ಕೂ ಇರುವ ನೂರಾರು ಅಕ್ಷರಗಳ ಪೈಕಿ ಎರಡು!

ಹೋಲಿಕೆಯು ಇಲ್ಲದ್ದನ್ನು ಉಂಟೆನ್ನುವಂತೆಯೇ ಉಂಟಾದುದನ್ನು ಇಲ್ಲವೆನ್ನುವುದೂ ಇದೆ. ಕ್ಷಯರೋಗದ ಬ್ಯಾಕ್ಟೀರಿಯದ ವಂಶಲಿಪಿಯನ್ನು ೧೯೯೮ರಲ್ಲಿ ಓದಿದಾಗ, ಟ್ರಿಪ್ಟೊಫಾನನ್ನು ಮಾಡುವ ದಾರಿಯಲ್ಲಿ ಒಂದು ಮೆಟ್ಟಿಲಿನ ಕಿಣ್ವವನ್ನು ಹೋಲುವ ಸಾಲೇ ಕಾಣಲಿಲ್ಲ. ಆದರೂ ಆ ಬ್ಯಾಕ್ಟೀರಿಯವು ಟ್ರಿಪ್ಟೊಫಾನನ್ನು ಮಾಡಿಕೊಳ್ಳುತ್ತಲೇ ಇದೆ. ಹಿಸ್ಟಿಡೀನನ್ನು ಮಾಡುವ ಕಿಣ್ವವೊಂದೇ ಆ ಮೆಟ್ಟಿಲನ್ನೂ ನಡೆಸುವುದೆಂಬುದು ೨೦೦೩ರಲ್ಲಿ ಪ್ರಯೋಗದಿಂದ ತಿಳಿದುಬಂದಿತು.

“ಹಾಗಾದರೆ ಹೋಲಿಕೆಯು ನಿಷ್ಪ್ರಯೋಜಕವೆನ್ನುವೆಯಾ?” ಎಂದೆವು.

“ಛೆ, ಅದಿಲ್ಲದೆ ಎಲ್ಲಿ ಹುಡುಕಬೇಕೆಂಬುದೇ ತಿಳಿಯುವುದಿಲ್ಲ. ಹೆಚ್ಚು ಸಲ ಅದು ಸರಿಯಾಗಿಯೇ ಇರುತ್ತದೆ. ಹೆಚ್ಚು ಸಲ ಸರಿಯಾಗಿರುವುದರಿಂದಲೇ ಅಪಾಯ. ಹೋಲಿಕೆಯಿಂದ ಹೆಸರು ಸಿಕ್ಕುತ್ತದೆ ಅಪ್ಪಾ. ಹೆಸರು ಸರಿಯೇ ಎಂಬುದು ಪರೀಕ್ಷೆಯಿಂದ. ಒಬ್ಬರು ಪರೀಕ್ಷಿಸದೆ ಇಟ್ಟ ಹೆಸರನ್ನು ಮತ್ತೊಬ್ಬರು ನಕಲು ಮಾಡುತ್ತಾರೆ; ಅದು ಸಾವಿರ ಸಾಲುಗಳಿಗೆ ಹರಡುತ್ತದೆ,” ಎಂದಳು.

ನಮ್ಮ ನೈಯಾಯಿಕರೂ ಇದನ್ನೇ ಹೇಳಿರುವರು. ಕಾಡಿಗೆ ಹೋದವನು ಹಸುವನ್ನು ಹೋಲುವ ಪ್ರಾಣಿಯನ್ನು ಕಂಡು, ಹಿಂದೆ ಕೇಳಿದ್ದ ಮಾತನ್ನು ನೆನೆದು, ಇದೇ ಗವಯವೆಂದು ತಿಳಿಯುತ್ತಾನೆ. ಉಪಮಾನದಿಂದ ಬರುವ ಜ್ಞಾನವು ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ಜ್ಞಾನ ಮಾತ್ರ. ಗವಯವು ಹಸುವಿನಂತಿದೆಯೆಂದು ಅದರ ಕೆಚ್ಚಲಿಗೆ ಕೈಹಾಕುವವನು ಒದೆಸಿಕೊಂಡಾನು.

ಅಲ್ಲಿಗೆ ಮಾತು ಮುಗಿಯಬಹುದಾಗಿದ್ದಿತು. ಆದರೆ ಮಗಳು ಕಂಪ್ಯೂಟರನ್ನು ಮುಚ್ಚುತ್ತ, “ಈ ಸಾಲ್ಮೊನೆಲ್ಲಾದ ಹತ್ತಿರದ ದಾಯಾದಿಯೇ ಟೈಫಾಯಿಡ್ ಜ್ವರದ ಬ್ಯಾಕ್ಟೀರಿಯ,” ಎಂದಳು. ನಾವು ಎದ್ದು ಹಿತ್ತಲಿಗೆ ಹೋಗಿಬಿಟ್ಟೆವು.

ನಮಗೊಬ್ಬ ತಮ್ಮನಿದ್ದನು. ಏಳು ವರ್ಷ ಕಿರಿಯನು. ೧೯೮೮ನೆಯ ಇಸವಿಯಲ್ಲಿ ಹಾಸನದಲ್ಲಿ ಪಿ.ಯು.ಸಿ. ಓದುತ್ತಿದ್ದನು, ವಯಸ್ಸು ಹದಿನೇಳು. ನಮಗೆ ಉಪಾಧ್ಯಾಯವೃತ್ತಿ ದೊರೆತು ಒಂದು ವರ್ಷವಾಗಿದ್ದಿತು. ಆಷಾಢದ ಜಡಿಮಳೆಯಲ್ಲಿ ಅವನು ಜ್ವರ ಹೊತ್ತುಕೊಂಡು ಮನೆಗೆ ಬಂದನು. ತಂದೆಯವರು ಪೌರೋಹಿತ್ಯದ ಮೇಲೆ ಕಾವೇರಿಯ ತೀರದ ರಾಮನಾಥಪುರಕ್ಕೆ ಹೋಗಿ ಅಲ್ಲಿಯೇ ನಿಂತಿದ್ದರು. ಮನೆಯಲ್ಲಿ ಓದಿದವರು ನಾವೇ. ತಾಯಿಯವರು ನಮ್ಮ ಮುಖವನ್ನು ನೋಡಿದರು.

ಎರಡು ವರ್ಷಗಳ ಹಿಂದೆ ಅವನಿಗೆ ಮಲೇರಿಯ ಬಂದಿದ್ದಿತು. ಆಗಲೂ ತಲೆನೋವು, ಆಗಲೂ ಮೈಕೈ ನೋವು, ಆಗಲೂ ಸಂಜೆಯ ಹೊತ್ತಿಗೆ ಏರುವ ಕಾವು. “ಅದೇ ಜ್ವರ,” ಎಂದೆವು. ಆಗ ಉಳಿದಿದ್ದ ಕ್ಲೋರೋಕ್ವಿನ್ ಮಾತ್ರೆಗಳು ಗೂಡಿನಲ್ಲಿದ್ದವು, ಅವನ್ನೇ ಕೊಟ್ಟೆವು. ಜೊತೆಗೆ ತಾಯಿಯವರು ಕಷಾಯವನ್ನು ಕಾಸಿದರು. ಜ್ವರವು ಇಳಿಯಲಿಲ್ಲ. ಹೋದ ಸಲವೂ ಮೂರು ನಾಲ್ಕು ದಿನ ಹಿಡಿದಿತ್ತೆಂದು ಸಮಾಧಾನ ಹೇಳಿದೆವು.

ಐದನೆಯ ದಿನ ರಾತ್ರಿ ಅವನು ಮೆಲ್ಲಗೆ, “ಅಣ್ಣಾ, ಇದು ಹೋದ ಸಲದ ಹಾಗಿಲ್ಲ. ಆಗ ನಡುಕ ಬಂದು, ಬೆವರಿ, ಬಿಟ್ಟು ಹೋಗುತ್ತಿತ್ತು. ಇದು ಬಿಡುವುದೇ ಇಲ್ಲ,” ಎಂದನು. “ಜ್ವರದಲ್ಲಿ ಹಾಗೆಯೇ ತೋರುತ್ತದೆ, ಮಲಗಿಕೋ,” ಎಂದೆವು.

ಒಂಬತ್ತನೆಯ ದಿನ, ಅವನು ಕರೆದರೆ ಕಣ್ಣು ತೆರೆಯುವುದೂ ನಿಧಾನವಾದಾಗ, ಹಾಸನಕ್ಕೆ ಕರೆದೊಯ್ದೆವು. ರಕ್ತವನ್ನು ಪರೀಕ್ಷಿಸಿದ ವೈದ್ಯರು ಟೈಫಾಯಿಡ್ ಎಂದರು. “ಮೊದಲೇ ಏಕೆ ಬರಲಿಲ್ಲ?” ಎಂದು ಕೇಳಿದರು. ನಾವು ಉತ್ತರ ಹೇಳಲಿಲ್ಲ. ಅವರು ಕೊಡಬೇಕಾದ ಔಷಧಗಳನ್ನೆಲ್ಲ ಕೊಟ್ಟರು. ಆದರೆ ಜ್ವರವು ಮೂರನೆಯ ವಾರಕ್ಕೆ ಕಾಲಿಟ್ಟಾಗ ಅವನ ಕರುಳಿನಲ್ಲಿ ರಂಧ್ರವಾಯಿತು. ಹತ್ತೊಂಬತ್ತನೆಯ ದಿನ ಹೋದನು.

ಮನೆಯಲ್ಲಿ ಯಾರೂ ನಮ್ಮನ್ನು ದೂರಲಿಲ್ಲ. ತಂದೆಯವರು ಆಯುಸ್ಸು ಅಷ್ಟೇ ಎಂದರು. ತಾಯಿಯವರು ತಾವು ಇರುವವರೆಗೂ ಗೂಡಿನಲ್ಲಿದ್ದ ಮಾತ್ರೆಗಳ ವಿಷಯವನ್ನು ಎತ್ತಲಿಲ್ಲ. ಒಂಬತ್ತು ದಿನ ಕಾಯದಿದ್ದರೆ ಅವನು ಉಳಿಯುತ್ತಿದ್ದನೆಂದು ನಿಶ್ಚಯವಾಗಿ ಹೇಳುವವರು ಯಾರು? ಆದರೆ ಒಂದನ್ನು ಮಾತ್ರ ನಾವು ನಿಶ್ಚಯವಾಗಿ ಬಲ್ಲೆವು. ಓಲೆಯ ಪ್ರತಿಗಳಲ್ಲಿ ಒಂದು ಅಕ್ಷರದ ಪಾಠಭೇದವನ್ನು ಹಿಡಿದು ಗುರುಗಳಿಂದ ಭೇಷ್ ಎನಿಸಿಕೊಂಡಿದ್ದ ನಾವು, ಹಾಸಿಗೆಯ ಮೇಲಿದ್ದ ತಮ್ಮನು ತಾನೇ ಬಾಯಿಬಿಟ್ಟು ಹೇಳಿದ ಪಾಠಭೇದವನ್ನು ಕೇಳಲಿಲ್ಲ. ಮೂರು ಅಂಶಗಳಲ್ಲಿ ಹೋಲಿಕೆ ಕಂಡಿತು. ನಾಲ್ಕನೆಯದನ್ನು ನೋಡುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಇದನ್ನು ಮಗಳಿಗೆ ಹೇಳಿದೆವು. ಗೋಡೆಯ ಪಟದಲ್ಲಿರುವ ಹುಡುಗನು ತನ್ನ ಚಿಕ್ಕಪ್ಪನೆಂದೂ ಜ್ವರದಿಂದ ತೀರಿಕೊಂಡನೆಂದೂ ಮಾತ್ರ ಅವಳಿಗೆ ತಿಳಿದಿತ್ತು. ಅವಳು ನಮಗೆ ಸಮಾಧಾನವನ್ನು ಹೇಳಹೋಗಲಿಲ್ಲ. ಅದಕ್ಕಾಗಿ ನಾವು ಅವಳಿಗೆ ಕೃತಜ್ಞರು. ಬಹಳ ಹೊತ್ತಿನ ಮೇಲೆ, “ಚಿಕ್ಕಪ್ಪ ಹೇಳಿದ ಆ ಮಾತನ್ನು ಎಲ್ಲಿಯಾದರೂ ಬರೆಯಿರಿ ಅಪ್ಪಾ,” ಎಂದಳು. ಅದರಿಂದ ಈ ಲೇಖನ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಹಿಂದಿನ ಜ್ವರಕ್ಕೆ ತಂದು ಉಳಿದ ಮಾತ್ರೆಗಳನ್ನು ಇಂದಿನ ಜ್ವರಕ್ಕೆ ಕೊಡಬೇಡಿರಿ. ಜ್ವರವು ಎರಡು ಮೂರು ದಿನಕ್ಕೆ ಬಿಡದಿದ್ದರೆ ವೈದ್ಯರಲ್ಲಿಗೆ ಹೋಗಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ರೋಗಿಯು ‘ಹಿಂದಿನಂತಿಲ್ಲ’ ಎಂದರೆ ಹೇಗಿಲ್ಲವೆಂದು ಕೂತು ಕೇಳಿರಿ. ಕಿಣ್ವಗಳನ್ನು ಬಲ್ಲವರು ಭಂಡಾರದಲ್ಲಿ ಸಿಕ್ಕಿದ ಹೆಸರನ್ನು ಪ್ರಯೋಗಶಾಲೆಯಲ್ಲಿ ಒರೆಹಚ್ಚದೆ ಒಪ್ಪುವುದಿಲ್ಲ, ಒಪ್ಪಿದವರು ಎಡವಿರುವರು. ಅವರಿಗೆ ಎಡವಿದರೆ ಮತ್ತೊಂದು ಪ್ರಯೋಗವುಂಟು. ಮನೆಯಲ್ಲಿ ಮಲಗಿರುವವನಿಗೆ ಅದಿಲ್ಲ.

ಮಗಳು ಬೆಂಗಳೂರಿಗೆ ಹಿಂತಿರುಗಿದ ಮೇಲೆ ಗೂಡನ್ನು ತೆರೆದು ನೋಡಿದೆವು. ಯಾವ ಯಾವ ಕಾಲದ ಮಾತ್ರೆಗಳೋ ಹಾಗೆಯೇ ಇದ್ದವು. ಎಲ್ಲವನ್ನೂ ತೆಗೆದುಹಾಕಿದೆವು.